ಹಳೆ ಯಂತ್ರಗಳ ಎರಡನೆಯ ಪರೀಕ್ಷಕ

ಗುಂಡಿ ಒತ್ತಿದ ಮೇಲೆ ಪರದೆಯಲ್ಲಿ ಮೂರು ಸೆಕೆಂಡು ಒಂದು ಕಪ್ಪು ಪಟ್ಟಿ ಕಾಣಿಸಿ ಮಾಯವಾಗುತ್ತದಲ್ಲ, ಅದು ನನ್ನ ಕೈಕೆಲಸ. ಎಲ್ಲರ ಕಂಪ್ಯೂಟರಿನಲ್ಲೂ ಅಲ್ಲ, ಅಷ್ಟು ಬಡಾಯಿ ನಾನೂ ಕೊಚ್ಚುವುದಿಲ್ಲ. ಕಂಪ್ಯೂಟರನ್ನು ನಡೆಸುವ ಲಿನಕ್ಸನ್ನು ಸಾವಿರಾರು ಪ್ರೋಗ್ರಾಂ ಪ್ಯಾಕೇಜುಗಳ ಜೊತೆ ಕಟ್ಟಿ ಜನರಿಗೆ ಪುಕ್ಕಟೆ ಕೊಡುವ ಒಂದು ಸಣ್ಣ ಗುಂಪು ಇದೆ. ಅದರಲ್ಲಿ ಹಳೆಯ ಯಂತ್ರಗಳ ಬೂಟ್‌ಲೋಡರ್ ಪ್ಯಾಕೇಜು ನನ್ನ ಪಾಲಿಗೆ ಬಂದದ್ದು. ಯಂತ್ರ ಎದ್ದ ಕೂಡಲೇ ಓಡುವ ಪುಟ್ಟ ಪ್ರೋಗ್ರಾಂ ಅದು. ಡಿಸ್ಕಿನಲ್ಲಿ ಲಿನಕ್ಸ್ ಎಲ್ಲಿ ಮಲಗಿದೆ ಎಂದು ಹುಡುಕಿ, ಎಬ್ಬಿಸಿ, ತಾನು ಪಕ್ಕಕ್ಕೆ ಸರಿಯುತ್ತದೆ. ಸರಿಯಾಗಿದ್ದರೆ ಅದನ್ನು ಯಾರೂ ಗಮನಿಸುವುದಿಲ್ಲ. ಅರವತ್ತೇಳನೆಯ ವಯಸ್ಸಿನಲ್ಲಿ, ಪಡೀಲಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬನೇ ಕುಳಿತು, ಯಾರೂ ಗಮನಿಸದ ಕೆಲಸವನ್ನು ನನ್ನಷ್ಟು ಚೆನ್ನಾಗಿ ಮಾಡುವವರು ಇನ್ನೊಬ್ಬರಿಲ್ಲ ಎಂದು ಬೇಕಾದರೆ ಪಂಥ ಕಟ್ಟುತ್ತೇನೆ.

ಜುಲೈ ತಿಂಗಳ ಮೊದಲ ವಾರ, ಗುಂಪಿನ ಹೊಸ ಬಿಡುಗಡೆಯ ಉಸ್ತುವಾರಿಯಿಂದ ಮೇಲ್ ಬಂತು. ಯಾವುದೋ ಚಳಿ ದೇಶದ ಮನುಷ್ಯ. ಮೂರು ಸಾಲಿಗಿಂತ ಹೆಚ್ಚು ಬರೆದರೆ ಕೈ ಸವೆಯುತ್ತದೆ ಎಂದು ನಂಬಿದವನು. ಹಳೆಯ ಬೂಟ್‌ಲೋಡರಿನಲ್ಲಿ ಭದ್ರತೆಯ ತೂತುಗಳು ಸಿಕ್ಕಿವೆ, ಹೊಸ ಆವೃತ್ತಿ ಬೇಕೇ ಬೇಕು. ಪರೀಕ್ಷೆಯ ಪಟ್ಟಿಯ ಪ್ರತಿ ಸಾಲಿಗೂ ಇಬ್ಬರು ಬೇರೆ ಬೇರೆ ಮನುಷ್ಯರು, ನಿಜವಾದ ಹಳೆಯ ಯಂತ್ರದಲ್ಲಿ ಓಡಿಸಿ ನೋಡಿ, ಗುರುತು ಹಾಕಬೇಕು. ಇಲ್ಲವಾದರೆ ಹಳೆಯ ಯಂತ್ರಗಳನ್ನೇ ಈ ಸಲದಿಂದ ಕೈಬಿಡುತ್ತೇವೆ.

ಇಬ್ಬರು. ಅಲ್ಲಿಯೇ ಇದ್ದದ್ದು ತೊಂದರೆ.

ಮೊದಲು ಇಬ್ಬರಿದ್ದೆವು. ನನ್ನ ಜೊತೆ ಇದೇ ಪ್ಯಾಕೇಜು ನೋಡಿಕೊಳ್ಳುತ್ತಿದ್ದ ಒಬ್ಬ ಹೆಂಗಸು, ಅವರದೂ ದೂರದ ದೇಶ. ಒಂದು ಅಲ್ಪವಿರಾಮದ ವಿಷಯಕ್ಕೆ ಮೂರು ದಿನ ಜಗಳವಾಡಿದವರು ನಾವು. ನನ್ನ ಕಂಪ್ಯೂಟರ್ ಕಡಲಿಗೆ ಮುಖ ಮಾಡಿ ಇಟ್ಟರೆ ಮಾತ್ರ ಎದ್ದೇಳುತ್ತದೆ ಎಂದು ಒಮ್ಮೆ ಸುಳ್ಳು ದೂರು ದಾಖಲಿಸಿದ್ದೆ, ಯಂತ್ರವೇ ಬರೆದಿಟ್ಟ ದಾಖಲೆಯಂತೆ ನಾನೇ ಹೊಸೆದ ಲಾಗ್ ಸಮೇತ. ಹನ್ನೆರಡು ಜನ ತಮ್ಮ ಯಂತ್ರಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಇದು ನನ್ನ ಕಿತಾಪತಿ ಎಂದು ಮೊದಲು ಹಿಡಿದವರು ಆ ಹೆಂಗಸೇ. ಎರಡು ವರ್ಷದ ಹಿಂದೆ ಅವರ ಮೇಲ್ ಬರುವುದು ನಿಂತಿತು. ಏನಾಯಿತೆಂದು ಕೇಳಲು ಫೋನ್ ನಂಬರ್ ನನ್ನಲ್ಲಿರಲಿಲ್ಲ. ಜೊತೆಗೆ ಕೆಲಸ ಮಾಡಿದ ಹನ್ನೊಂದು ವರ್ಷದಲ್ಲಿ ಕೇಳಬೇಕೆಂದು ಹೊಳೆದೂ ಇರಲಿಲ್ಲ.

ಆಮೇಲೆ ನಾನು ಪೋಸ್ಟ್ ಮಾಸ್ಟರನ್ನು ಹುಟ್ಟಿಸಿದೆ.

ಹೌದು, ಹುಟ್ಟಿಸಿದೆ. ಕುಶಾಲಿಗೆ, ಬರೀ ತಮಾಷೆಗೆ ಎಂದೇ ಶುರುವಾದದ್ದು. ಗುಂಪಿನ ಪ್ರಶ್ನೋತ್ತರದ ಪುಟದಲ್ಲಿ ಬೇರೆ ಹೆಸರಿನ ಖಾತೆ ತೆರೆದೆ. ನಿವೃತ್ತ ಪೋಸ್ಟ್ ಮಾಸ್ಟರ್, ಮುಂಗೋಪಿ, ಒಂದು ಬೆಕ್ಕು ಸಾಕಿದ್ದಾನೆ, ಇಪ್ಪತ್ತು ವರ್ಷದ ಹಳೆಯ ಕಂಪ್ಯೂಟರ್ ಬಿಡುವವನಲ್ಲ. ಅವನ ಪ್ರಶ್ನೆಗಳಲ್ಲಿ ನಾಲ್ಕು ಕಾಗುಣಿತದ ತಪ್ಪು ಬೇಕೇ ಬೇಕು ಎಂದು ನಿಯಮ ಮಾಡಿಕೊಂಡಿದ್ದೆ. ಬೆಳಿಗ್ಗೆ ಅವನು ಕೇಳುತ್ತಿದ್ದ, ಮಧ್ಯಾಹ್ನ ಊಟವಾದ ಮೇಲೆ ನಾನು ಉತ್ತರ ಕೊಡುತ್ತಿದ್ದೆ. ಅವನು ನನ್ನನ್ನು ಬೈಯುತ್ತಿದ್ದ, ನಾನು ತಾಳ್ಮೆಯಿಂದ ವಿವರಿಸುತ್ತಿದ್ದೆ. ಒಬ್ಬರಿಗೂ ಸಂಶಯ ಬರಲಿಲ್ಲ. ಇಷ್ಟು ಒಳ್ಳೆಯ ಕುಶಾಲನ್ನು ಹೇಳಿಕೊಂಡು ನಗಲು ಎದುರಿಗೆ ಒಂದು ಮುಖ ಇರಲಿಲ್ಲ ಎನ್ನುವುದು ಬಿಟ್ಟರೆ, ನನ್ನ ಜೀವಮಾನದ ಅತ್ಯುತ್ತಮ ಕೆಲಸ ಅದು.

ಇರಲಿ, ಪ್ಯಾಕೇಜಿಗೆ ಬರುತ್ತೇನೆ.

ಹಳೆಯ ಡಿಸ್ಕುಗಳಲ್ಲಿ ಬೂಟ್‌ಲೋಡರಿನ ಮೊದಲ ತುಂಡಿಗೆ ಸಿಗುವ ಜಾಗ ಅರವತ್ತೆರಡು ಸೆಕ್ಟರ್. ಅಂದರೆ ಮೂವತ್ತೊಂದು ಸಾವಿರದ ಏಳುನೂರ ನಲವತ್ತನಾಲ್ಕು ಬೈಟು. ಮೊಬೈಲಿನಲ್ಲಿ ತೆಗೆದ ಒಂದು ಫೋಟೋದ ಮೂಲೆಯೂ ಅದರಲ್ಲಿ ಹಿಡಿಸುವುದಿಲ್ಲ. ಹೊಸ ಆವೃತ್ತಿಯನ್ನು ಕಟ್ಟಿ ನೋಡಿದರೆ ನಾನೂರ ಹನ್ನೆರಡು ಬೈಟು ಹೆಚ್ಚು. ಜಾಗ ಸಾಲದು ಎಂದು ಹೇಳಿ ಅದು ಅಲ್ಲೇ ನಿಂತಿತು. ಕೆಲವರು ಇಂಥ ಹೊತ್ತಿಗೆ ಆ ತುಂಡನ್ನು ಡಿಸ್ಕಿನ ಬೇರೆ ಜಾಗದಲ್ಲಿಟ್ಟು ವಿಳಾಸ ಬರೆದಿಡುತ್ತಾರೆ. ಡಿಸ್ಕು ತನ್ನೊಳಗಿನ ಸಾಮಾನನ್ನು ಆಚೀಚೆ ಮಾಡಿದ ದಿನ ವಿಳಾಸ ತಪ್ಪುತ್ತದೆ, ಯಂತ್ರ ಏಳುವುದಿಲ್ಲ. ಅದು ಸೋಮಾರಿಗಳ ದಾರಿ. ನಾನು ಒಂಬತ್ತು ದಿನ ಕುಳಿತು ಕೆತ್ತಿದೆ. ಹಳೆಯ ಯಂತ್ರಗಳಲ್ಲಿ ಯಾರೂ ಬಳಸದ, ಹಲವು ಡಿಸ್ಕುಗಳನ್ನು ಒಂದಾಗಿ ಜೋಡಿಸುವ ಕೋಡು ಹೋಯಿತು. ಎರಡು ಫೈಲ್ ವ್ಯವಸ್ಥೆಗಳು ಹೋದವು. ದೋಷದ ಸಂದೇಶಗಳನ್ನು ತುಂಡರಿಸಿದೆ. ಒಂಬತ್ತನೆಯ ದಿನ ಹದಿನೆಂಟು ಬೈಟು ಮಿಕ್ಕಿತು. ಕುರ್ಚಿಯಿಂದ ಎದ್ದು ಗಟ್ಟಿಯಾಗಿ ಚಪ್ಪಾಳೆ ತಟ್ಟಿದೆ. ಕೆಳಗಿನ ಮನೆಯವರು ಟಿವಿಯ ಸದ್ದು ತಗ್ಗಿಸಿದ್ದು ಕೇಳಿಸಿತು.

ಮನೆಯಲ್ಲಿದ್ದ ನನ್ನ ಎರಡು ಹಳೆಯ ಯಂತ್ರಗಳಲ್ಲಿ ಪರೀಕ್ಷೆ ನಡೆಸಿದೆ. ಪಾಸ್. ಪಟ್ಟಿಯಲ್ಲಿ ನನ್ನ ಗುರುತು ಹಾಕಿದೆ. ಎರಡನೆಯ ಗುರುತನ್ನು ಪೋಸ್ಟ್ ಮಾಸ್ಟರ್ ಹಾಕಿದ.

ಪಟ್ಟಿಯ ಕೊನೆಯಲ್ಲಿ ಇನ್ನೊಂದು ಸಾಲು ಇತ್ತು: ಡಿಸ್ಕು ಬದಲಿಸಿದ ಯಂತ್ರ. ಅಂಥದ್ದು ನನ್ನ ಮನೆಯಲ್ಲಿ ಇರಲಿಲ್ಲ. ನಾನು ಆಗಾಗ ರಿಪೇರಿಗೆ ಹೋಗುವ ಬೈಕಂಪಾಡಿಯ ಒಂದು ವರ್ಕ್‌ಶಾಪಿನಲ್ಲಿ ಇತ್ತು. ಹೋಗಿ ನೋಡಿಬರಬಹುದಿತ್ತು. ಆದರೆ ಗಡುವು ಆ ಸಂಜೆಗೇ, ಹೊರಗೆ ಧಾರಾಕಾರ ಮಳೆ, ಮತ್ತು ಮೂವತ್ತು ವರ್ಷದಿಂದ ಈ ಕೆಲಸ ಮಾಡಿದವನಿಗೆ ಇದರಲ್ಲಿ ನೋಡಲು ಏನಿದೆ? ನಾನು ಗುರುತು ಹಾಕಿದೆ. ಪೋಸ್ಟ್ ಮಾಸ್ಟರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತನ್ನ ಹಳೆಯ ಡಿಸ್ಕಿನೊಳಗೆ ಇರುವೆ ಗೂಡು ಕಟ್ಟಿದ್ದರಿಂದ ಕಳೆದ ವರ್ಷ ಬದಲಿಸಿದ್ದಾಗಿಯೂ, ಈಗ ಎಲ್ಲ ಸರಿಯಾಗಿ ಓಡುತ್ತಿದೆ ಎಂದೂ ಷರಾ ಬರೆದ. ಇರುವೆಯ ವಿಷಯ ಹೊಳೆದಾಗ ನನಗೇ ನಗು ಬಂದಿತ್ತು.

ಪ್ಯಾಕೇಜು ಬಿಡುಗಡೆಯ ಸಾಲಿಗೆ ಸೇರಿತು. ಬಿಡುಗಡೆಗೆ ಆರು ದಿನ.

ಎರಡು ದಿನ ಬಿಟ್ಟು ಮಳೆ ಬಿಟ್ಟಿತು. ಹೇಗೂ ಸುಮ್ಮನೆ ಕೂತಿದ್ದೇನೆ, ಬೈಕಂಪಾಡಿಯ ಯಂತ್ರಕ್ಕೂ ಹೊಸದನ್ನು ಹಾಕಿ ಬರೋಣ ಎಂದು ನಂತೂರಿನಲ್ಲಿ ಇಳಿದು ಸುರತ್ಕಲ್ ಬಸ್ಸು ಹಿಡಿದೆ. ಚೀಲದಲ್ಲಿ ಒಂದು ಖಾಲಿ ಡಿಸ್ಕು, ಎರಡು ಕೇಬಲ್ಲು.

ಆ ವರ್ಕ್‌ಶಾಪಿನಲ್ಲಿ ಬೋಟುಗಳ ಎಂಜಿನ್ನಿನಲ್ಲಿ ಎಣ್ಣೆ ಸೋರದಂತೆ ಸಂದಿಗೆ ಹಾಕುವ ಗ್ಯಾಸ್ಕೆಟ್ ಹಾಳೆ ಕತ್ತರಿಸುತ್ತಾರೆ. ಕತ್ತರಿಸುವ ಮಿಷನ್ನಿನ ಕಾರ್ಡು ಕೂರುವುದು ಆ ಒಂದು ಹಳೆಯ ಕಂಪ್ಯೂಟರಿನಲ್ಲಿ ಮಾತ್ರ. ಹೊಸದರಲ್ಲಿ ಅಂಥ ಸ್ಲಾಟೇ ಇಲ್ಲ. ನಡೆಸುವವರು ನಲವತ್ತೈದರ ಆಸುಪಾಸಿನ ಒಬ್ಬ ಹೆಂಗಸು, ಅಪ್ಪನ ಕಾಲದ ಮಿಷನ್ನು, ಅಪ್ಪನ ಕಾಲದ ಗಟ್ಟಿ ದನಿ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯಲು ಎರಡು ವಾರ ಇತ್ತು. ದಕ್ಕೆಯಲ್ಲಿ ಬೋಟು ಕಟ್ಟಿಹಾಕಿ ಎಂಜಿನ್ ಬಿಚ್ಚಿಟ್ಟವರೆಲ್ಲ ಅವರ ಬಾಗಿಲಿಗೆ ಬರುವ ಹೊತ್ತು.

"ಎಂತ ಮಾರಾಯ್ರೆ, ಕರೆಯದೆ ಬಂದದ್ದು?" ಎಂದರು. "ಇವತ್ತು ಮಿಷನ್ ಎಡಗೈಯಲ್ಲಿ ಆನ್ ಮಾಡ್ಬೇಕಾ, ಬಲಗೈಯಲ್ಲಾ?"

ಎಡಗೈಯಲ್ಲಿ ಒತ್ತಿದರೆ ಮಾತ್ರ ಅದು ಎದ್ದೇಳುತ್ತದೆ ಎಂದು ಒಂದು ಸಲ ಹೇಳಿದ್ದೆ. ಎಂಟು ತಿಂಗಳು ಎಡಗೈಯಲ್ಲೇ ಒತ್ತಿದ್ದರು.

"ಇವತ್ತು ಕಣ್ಣು ಮುಚ್ಚಿ ಒತ್ಬೇಕು ಅಕ್ಕ," ಎಂದೆ.

"ಒಂದು ಗಂಟೆಯಲ್ಲಿ ಮುಗಿಸಿ. ಬೋಟಿನವರು ಬಂದು ಕೂತಿದ್ದಾರೆ, ಅವರ ಹತ್ರ ನಿಮ್ಮ ಕುಶಾಲು ನಡಿಯುದಿಲ್ಲ."

ನನ್ನ ಒಂದು ಕ್ರಮವಿದೆ. ಓಡುತ್ತಿರುವ ಡಿಸ್ಕನ್ನು ಮುಟ್ಟುವುದಿಲ್ಲ. ಅದರ ಪೂರ್ತಿ ನಕಲನ್ನು ಖಾಲಿ ಡಿಸ್ಕಿಗೆ ಮಾಡಿ, ಅಸಲನ್ನು ಕಳಚಿ ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟು, ಕೆಲಸವೆಲ್ಲ ನಕಲಿನ ಮೇಲೆ. ಹಾಗೆಯೇ ಮಾಡಿದೆ. ಹೊಸ ಪ್ಯಾಕೇಜು ಹಾಕಿದೆ. ಯಶಸ್ವಿ ಎಂದು ಬಂತು. ಯಂತ್ರವನ್ನು ಆರಿಸಿ ಮತ್ತೆ ಗುಂಡಿ ಒತ್ತಿದೆ.

ಕಪ್ಪು ಪರದೆ. ಎಡ ಮೂಲೆಯಲ್ಲಿ ಒಂದೇ ಸಾಲು: 'ಸಿಂಬಲ್ ನಾಟ್ ಫೌಂಡ್'. ಅದರ ಕೆಳಗೆ ಮಿನುಗುವ ಗೆರೆ.

"ಕಣ್ಣು ಬಿಡ್ಬಹುದಾ?" ಅವರು ನನ್ನ ಹಿಂದೆ ಬಂದು ನಿಂತಿದ್ದರು. "ಇದೆಂತ? ಮಿಷನಿನ ಸ್ಕ್ರೀನ್ ಎಲ್ಲುಂಟು?"

"ಒಂದು ನಿಮಿಷ ಅಕ್ಕ."

"ನಿಮ್ಮ ಮುಖ ನೋಡಿದ್ರೆ ಇದು ಕುಶಾಲು ಅಲ್ಲ ಅಂತ ಕಾಣ್ತದೆ."

ಅಲ್ಲವೇ ಅಲ್ಲ. ಮೊದಲ ತುಂಡು ಹಳೆಯದೇ ಉಳಿದಿತ್ತು, ಉಳಿದ ಭಾಗಗಳು ಮಾತ್ರ ಹೊಸವಾಗಿದ್ದವು. ಒಂದಕ್ಕೊಂದು ಗುರುತು ಹಿಡಿಯುತ್ತಿರಲಿಲ್ಲ. ಏಕೆ ಎಂದು ತಿಳಿಯಲು ಅರ್ಧ ಗಂಟೆ ಹಿಡಿಯಿತು, ಒಪ್ಪಿಕೊಳ್ಳಲು ಇನ್ನೂ ಸ್ವಲ್ಪ. ಪ್ಯಾಕೇಜಿನ ಜೊತೆಗಿನ ಸ್ಕ್ರಿಪ್ಟು ಮೊದಲ ತುಂಡನ್ನು ಯಾವ ಡಿಸ್ಕಿಗೆ ಬರೆಯಬೇಕು ಎಂಬುದನ್ನು ಆ ಡಿಸ್ಕಿನ ಸೀರಿಯಲ್ ನಂಬರಿನಿಂದ ನೆನಪಿಟ್ಟುಕೊಳ್ಳುತ್ತದೆ. ಆ ನಂಬರಿನ ಡಿಸ್ಕನ್ನು ನಾನೇ ಎರಡು ವರ್ಷದ ಹಿಂದೆ ಬದಲಿಸಿ ಗುಜರಿಗೆ ಹಾಕಿದ್ದೆ. ಸ್ಕ್ರಿಪ್ಟು ಅದನ್ನು ಹುಡುಕಿತು, ಸಿಗಲಿಲ್ಲ, ಸುಮ್ಮನೆ ಮುಂದೆ ಹೋಯಿತು, ಕೊನೆಗೆ ಯಶಸ್ವಿ ಎಂದು ಹೇಳಿತು. ಸುಮ್ಮನೆ ಮುಂದೆ ಹೋಗು ಎಂಬ ಆ ಸಾಲನ್ನು ಬರೆದವನು ನಾನು. ಪ್ರಶ್ನೆ ಕೇಳಿ ಜನರ ಮಂಡೆ ಬಿಸಿ ಮಾಡದ ಪ್ಯಾಕೇಜು ನನ್ನದೊಂದೇ ಎಂದು ವರ್ಷಗಟ್ಟಲೆ ಮೆರೆದಿದ್ದೇನೆ.

ಡಿಸ್ಕು ಬದಲಿಸಿದ ಯಂತ್ರಗಳಷ್ಟೇ ಹಾಳಾಗುತ್ತವೆ, ಸರಿ. ಆದರೆ ಇಪ್ಪತ್ತು ವರ್ಷದ ಯಂತ್ರದಲ್ಲಿ ಡಿಸ್ಕು ಬದಲಿಸದವರು ಯಾರಿದ್ದಾರೆ?

ಅಸಲು ಡಿಸ್ಕನ್ನು ಹಾಕಿದೆ. ಮಿಷನ್ ಎದ್ದಿತು. ಬೋಟಿನವರ ಗ್ಯಾಸ್ಕೆಟ್ ಕತ್ತರಿಸುವುದು ಶುರುವಾಯಿತು. ಅಲ್ಲಿಯೇ ಬೆಂಚಿನ ಮೇಲೆ ಕುಳಿತು ನನ್ನ ಲ್ಯಾಪ್‌ಟಾಪಿನಿಂದ ಲಾಗ್ ಸಮೇತ ಗುಂಪಿಗೆ ಬರೆದೆ: ನಿಲ್ಲಿಸಿ, ಈ ಪ್ಯಾಕೇಜು ಯಂತ್ರಗಳನ್ನು ಕೊಲ್ಲುತ್ತದೆ.

ಹತ್ತು ನಿಮಿಷದಲ್ಲಿ ಉತ್ತರಗಳು ಬಂದವು. ಮೊದಲಿನವನು ಕೇಳಿದ್ದ: ನಿಮ್ಮ ಯಂತ್ರ ಯಾವ ದಿಕ್ಕಿಗೆ ಮುಖ ಮಾಡಿದೆ? ಎರಡನೆಯವನು ಬರೀ ನಗುವ ಮುಖ ಕಳಿಸಿದ್ದ. ಮೂರನೆಯದು ಉಸ್ತುವಾರಿಯದು, ಮೂರೇ ಸಾಲು. ಲಾಗ್ ಚೆನ್ನಾಗಿದೆ. ಆದರೆ ಇದೇ ಸಾಲಿಗೆ ಇಬ್ಬರ ಗುರುತು ಇದೆ, ಡಿಸ್ಕು ಬದಲಿಸಿಯೂ ಸರಿಯಾಗಿದೆ ಎಂದು ಎರಡನೆಯ ಪರೀಕ್ಷಕರು ಬರೆದಿದ್ದಾರೆ. ದೋಷ ನಿಮ್ಮ ಯಂತ್ರದ್ದೇ ಇರಬಹುದು, ಪೋಸ್ಟ್ ಮಾಸ್ಟರ್ ಅವರನ್ನು ಕೇಳಿ ನೋಡಿ.

ಓದಿ ಒಬ್ಬನೇ ನಕ್ಕೆ. ನಗು ಜಾಸ್ತಿ ಹೊತ್ತು ಇರಲಿಲ್ಲ.

ಗ್ಯಾಸ್ಕೆಟ್ಟಿನ ಕಟ್ಟು ಬೋಟಿನವರ ಕೈಗೆ ಕೊಟ್ಟು ಆ ಹೆಂಗಸು ಚಾ ತಂದು ನನ್ನ ಎದುರಿಗಿಟ್ಟರು. "ನನ್ನದು ಸರಿ ಆಯ್ತಲ್ಲ. ಮತ್ತೆಂತ ಇಲ್ಲೇ ಕೂತದ್ದು?"

ಹೇಳಿದೆ. ಪೋಸ್ಟ್ ಮಾಸ್ಟರನ ವಿಷಯವನ್ನು ಬಾಯಿಬಿಟ್ಟು ಒಬ್ಬರಿಗೆ ಹೇಳಿದ್ದು ಅದೇ ಮೊದಲು. ಬೆಕ್ಕು, ಇರುವೆ, ಕಾಗುಣಿತದ ತಪ್ಪು, ಎಲ್ಲ. ನಗಬೇಕಾದ ಜಾಗಗಳಲ್ಲಿ ಸ್ವಲ್ಪ ನಿಂತು ನಿಂತು ಹೇಳಿದೆ. ಅವರು ನಗಲಿಲ್ಲ.

"ಅಂದ್ರೆ ಆ ಜನ ಇಲ್ವಾ?"

"ಇಲ್ಲ."

"ಎರಡು ವರ್ಷ ನೀವು ಮಾತಾಡಿದ್ದು ಯಾರ ಹತ್ರ ಹಾಗಾದ್ರೆ?"

"ಬುದ್ಧಿವಂತರ ಹತ್ರ," ಎಂದೆ.

"ಕುಶಾಲು ಬೊಡ್ಚಿ," ಎಂದು ತುಳುವಿನಲ್ಲಿ ಗದರಿದರು. ಕುಶಾಲು ಬೇಡ ಎಂದು. "ಮತ್ತೆ ಎಂತ ಮಾಡ್ತೀರಿ ಈಗ?"

"ಸುಲಭ ಉಂಟಕ್ಕ. ಪೋಸ್ಟ್ ಮಾಸ್ಟರ್ ಬರೀತಾನೆ, ಕ್ಷಮಿಸಿ, ನಂದೂ ಇವತ್ತು ಕೆಟ್ಟಿತು ಅಂತ. ಅವರು ನಿಲ್ಲಿಸ್ತಾರೆ. ನಾನು ರಿಪೇರಿ ಮಾಡ್ತೇನೆ. ಅವನು ನೋಡಿ ಪಾಸ್ ಹೇಳ್ತಾನೆ."

"ಅವನು ಎಲ್ಲಿಂದ ನೋಡುದು? ನಿಮ್ಮ ಕಣ್ಣಿನಿಂದ್ಲೇ ಅಲ್ವಾ?"

ನಾನು ಚಾ ಕುಡಿದೆ.

"ನೋಡಿ ಮಾರಾಯ್ರೆ," ಅವರು ಎದುರಿನ ಸ್ಟೂಲಿನಲ್ಲಿ ಕೂತರು. "ಇವತ್ತು ನೀವು ಇಲ್ಲದೆ ಇದು ಹೀಗೆ ಕಪ್ಪು ಆಗಿದ್ರೆ ನಾನು ನಿಮಗೆ ಫೋನ್ ಮಾಡ್ತಿದ್ದೆ. ಬಾಯಿಗೆ ಬಂದ ಹಾಗೆ ಬೈತಿದ್ದೆ, ನೀವು ಬರ್ತಿದ್ರಿ. ಆ ಉಳಿದವರಿಗೆ ಯಾರುಂಟು?"

ಲ್ಯಾಪ್‌ಟಾಪ್ ಮುಚ್ಚಿ ಬಸ್ಸು ಹತ್ತಿದೆ.

ಮನೆಗೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ಮೊದಲು ತೆರೆದದ್ದು ಪೋಸ್ಟ್ ಮಾಸ್ಟರನ ಖಾತೆಯನ್ನೇ, ಸುಳ್ಳು ಹೇಳುವುದಿಲ್ಲ. ನಾಲ್ಕು ಕಾಗುಣಿತದ ತಪ್ಪಿನ ಸಮೇತ ಅವನ ಕ್ಷಮಾಪಣೆಯನ್ನು ಬರೆದು ಮುಗಿಸಿದೆ. ಚೆನ್ನಾಗಿತ್ತು. ಕಳಿಸುವ ಗುಂಡಿಯ ಮೇಲೆ ಬಾಣದ ಗುರುತು ಇತ್ತು. ಕಳಿಸಿದರೆ ಬಿಡುಗಡೆ ನಿಲ್ಲುತ್ತದೆ, ಪ್ಯಾಕೇಜು ನನ್ನಲ್ಲೇ ಉಳಿಯುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ಆದರೆ ಇನ್ನೊಬ್ಬ ನಿಜವಾದ ಮನುಷ್ಯ, ನಿಜವಾದ ಯಂತ್ರದ ಎದುರು ಕುಳಿತಿದ್ದರೆ ಈ ದೋಷ ಹತ್ತೇ ನಿಮಿಷದಲ್ಲಿ ಸಿಗುತ್ತಿತ್ತು. ಮುಂದಿನ ದೋಷವನ್ನೂ ಪೋಸ್ಟ್ ಮಾಸ್ಟರ್ ಹಿಡಿಯುವವನಲ್ಲ. ನನಗೆ ಗೊತ್ತಿಲ್ಲದ್ದು ಒಂದೂ ಅವನಿಗೆ ಗೊತ್ತಿರಲಿಲ್ಲ.

ಅವನ ಖಾತೆಯಿಂದ ಹೊರಬಂದು ನನ್ನ ಹೆಸರಿನಲ್ಲಿ ಬರೆದೆ. ಉಸ್ತುವಾರಿಗೆ ಒಬ್ಬನಿಗೇ ಅಲ್ಲ, ಇಡೀ ಗುಂಪಿಗೆ. ಎರಡನೆಯ ಪರೀಕ್ಷಕ ಎಂಬ ಮನುಷ್ಯ ಇಲ್ಲ. ಅವನು ನಾನೇ. ಪಟ್ಟಿಯಲ್ಲಿ ಅವನು ಹಾಕಿದ ಯಾವ ಗುರುತನ್ನೂ ನಂಬಬೇಡಿ. ಕೊನೆಯ ಸಾಲಿನಲ್ಲಿ ನನ್ನ ಗುರುತೂ ಸುಳ್ಳು, ನಾನು ಪರೀಕ್ಷಿಸಿರಲಿಲ್ಲ. ಇವತ್ತು ಪರೀಕ್ಷಿಸಿದೆ, ಯಂತ್ರ ಸತ್ತಿತು, ಕಾರಣ ನಾನು ಬರೆದ ಸಾಲು. ಪುರಾವೆಗೆ ಎರಡು ಖಾತೆಗಳಿಂದಲೂ ಒಂದೇ ಮಾತನ್ನು ಒಂದೇ ನಿಮಿಷದಲ್ಲಿ ಹಾಕುತ್ತೇನೆ ಎಂದು ಬರೆದು, ಹಾಗೆಯೇ ಮಾಡಿದೆ. ಒಂದೂ ತಮಾಷೆ ಸೇರಿಸಲಿಲ್ಲ. ಅಂಥ ಮೇಲ್ ಬರೆದು ಅಭ್ಯಾಸವಿಲ್ಲದ್ದರಿಂದ ಬಹಳ ಹೊತ್ತು ಹಿಡಿಯಿತು.

ಈ ಸಲ ಯಾರೂ ನಗುವ ಮುಖ ಕಳಿಸಲಿಲ್ಲ. ಯಾರೂ ಏನೂ ಕಳಿಸಲಿಲ್ಲ. ಹಿಂದೆ ನನ್ನ ಒಂದು ಕಿತಾಪತಿ ಬಯಲಾದರೆ ಬೈಗುಳವಾದರೂ ಸುರಿಯುತ್ತಿತ್ತು. ಅನ್ನಕ್ಕೆ ಇಟ್ಟೆ, ಇಳಿಸಿದೆ, ಬಂದು ನೋಡಿದೆ. ಏನೂ ಇಲ್ಲ. ಕತ್ತಲಾಗುವ ಮೊದಲು ಉಸ್ತುವಾರಿಯ ಮೇಲ್ ಬಂತು. ಬಿಡುಗಡೆ ತಡೆಹಿಡಿಯಲಾಗಿದೆ. ಪ್ಯಾಕೇಜು ಅಪ್‌ಲೋಡ್ ಮಾಡುವ ನಿಮ್ಮ ಅಧಿಕಾರವನ್ನು ಹಿಂತೆಗೆದುಕೊಳ್ಳಲಾಗಿದೆ. ತಿದ್ದುಪಡಿ ಇದ್ದರೆ ಎಲ್ಲರಂತೆ ಕಳಿಸಿ, ಪರಿಶೀಲಿಸುತ್ತೇವೆ.

ಎಲ್ಲರಂತೆ ಕಳಿಸಿದೆ. ತಿದ್ದುಪಡಿ ಹತ್ತೊಂಬತ್ತು ಸಾಲು. ನೆನಪಿನಲ್ಲಿರುವ ಡಿಸ್ಕು ಸಿಗದಿದ್ದರೆ, ಯಂತ್ರ ಈಗ ಎದ್ದು ಬಂದಿರುವ ಡಿಸ್ಕು ಯಾವುದೆಂದು ನೋಡು. ಒಂದೇ ಇದ್ದರೆ ಅದಕ್ಕೆ ಬರೆ. ಎರಡಿದ್ದರೆ ನಿಂತು ಕೇಳು. ಮೊದಲ ತುಂಡು ಬರೆದಾಗುವವರೆಗೆ ಉಳಿದ ಯಾವುದನ್ನೂ ಮುಟ್ಟಬೇಡ. ಅಷ್ಟೇ. ಯಾರೋ ಒಬ್ಬ ಅಪರಿಚಿತ ನನ್ನ ಹತ್ತೊಂಬತ್ತು ಸಾಲಿನಲ್ಲಿ ಎರಡನ್ನು ತಿದ್ದಿದ. ಒಂದು ಅನಾವಶ್ಯಕ ತಿದ್ದುಪಡಿ. ಇನ್ನೊಂದು ಸರಿಯಾಗಿತ್ತು, ಒಪ್ಪಿಕೊಂಡೆ.

ಪರೀಕ್ಷಕರು ಬೇಕು ಎಂದು ಉಸ್ತುವಾರಿ ಬಹಿರಂಗವಾಗಿ ಕೇಳಿದ. ನಾನು ಇಷ್ಟು ವರ್ಷ ಕೇಳಿಯೇ ಇರಲಿಲ್ಲ, ಕೇಳಿದರೆ ಯಾರೂ ಬರಲಿಕ್ಕಿಲ್ಲ ಎಂದು. ನಾಲ್ಕು ಜನ ಬಂದರು. ಐದನೆಯವರು ಬೈಕಂಪಾಡಿಯಿಂದ.

"ನನಗೆ ಎಂತ ಗೊತ್ತುಂಟು ಇದ್ರಲ್ಲಿ?" ಎಂದು ಫೋನಿನಲ್ಲಿ ಜಬರಿಸಿದರು.

"ಆನ್ ಮಾಡ್ಲಿಕ್ಕೆ ಗೊತ್ತುಂಟಲ್ಲ ಅಕ್ಕ. ನಾನು ನಕಲು ಡಿಸ್ಕು ಹಾಕಿ ಹೊರಗೆ ನಿಲ್ತೇನೆ. ಒಳಗೆ ನೋಡಿದ್ದನ್ನು ನೀವೇ ಬರೀರಿ."

ಹೊರಗೆ ನಿಂತೆ. ಲಾರಿಗಳು ನೀರು ಎರಚಿಕೊಂಡು ಹೋಗುತ್ತಿದ್ದವು. ಮೂರು ಸೆಕೆಂಡಿನ ಕೆಲಸಕ್ಕೆ ಅವರು ಐದು ನಿಮಿಷ ತೆಗೆದುಕೊಂಡರು. ಆಮೇಲೆ ಒಳಗಿನಿಂದ ಕತ್ತರಿಸುವ ಸದ್ದು ಕೇಳಿಸಿತು. ಷರಾದ ಜಾಗದಲ್ಲಿ ಅವರು ಬರೆದದ್ದು ಇಷ್ಟು: ಮಿಷನ್ ಆನ್ ಆಗ್ತದೆ. ಇನ್ನು ಸುಮ್ನೆ ಮುಟ್ಬೇಡಿ. ಅದನ್ನು ಹಾಗೆಯೇ ಕಳಿಸಿದೆ. ಕನ್ನಡ ಬಾರದ ಉಸ್ತುವಾರಿ ಅದನ್ನು ಯಂತ್ರದಿಂದ ಭಾಷಾಂತರಿಸಿ ಓದಿ, ಒಪ್ಪಿಗೆ ಎಂದು ಬರೆದ.

ಹನ್ನೊಂದು ದಿನ ತಡವಾಗಿ ಬಿಡುಗಡೆಯಾಯಿತು. ಮೊದಲ ದಿನ ಬೂಟ್‌ಲೋಡರಿನ ಬಗ್ಗೆ ಒಂದು ದೂರೂ ಬರಲಿಲ್ಲ. ಎರಡನೆಯ ದಿನವೂ ಇಲ್ಲ. ಬೋಟುಗಳು ಕಡಲಿಗೆ ಇಳಿದವು. ಬಿಡುಗಡೆಯ ಟಿಪ್ಪಣಿಯಲ್ಲಿ ನನ್ನ ಪ್ಯಾಕೇಜಿನ ಎದುರು ಈಗ ಆ ಅಪರಿಚಿತನ ಹೆಸರಿದೆ. ಪಾಪ, ಎರಡು ಸಾಲು ತಿದ್ದಿದ ತಪ್ಪಿಗೆ ಇಡೀ ಪ್ಯಾಕೇಜು ಹೊರಬೇಕಾಯಿತು. ಅವನಿಗೆ ಇನ್ನೂ ನನ್ನ ಹದಿನೆಂಟು ಬೈಟಿನ ಬೆಲೆ ಗೊತ್ತಿಲ್ಲ, ಗೊತ್ತಾದಾಗ ಬರೆಯುತ್ತಾನೆ. ಇನ್ನೂ ಬರೆದಿಲ್ಲ.

ಅದೇ ವಾರ ಪೋಸ್ಟ್ ಮಾಸ್ಟರನ ಖಾತೆಯನ್ನು ಅಳಿಸಿದರು. ನಿಯಮದ ಪ್ರಕಾರ ನನ್ನನ್ನು ಕೇಳಿಯೇ ಅಳಿಸಿದರು, ನಾನು ಆಕ್ಷೇಪಣೆ ಇಲ್ಲ ಎಂದಿದ್ದೆ. ಮರುದಿನ ಬೆಳಿಗ್ಗೆ ಚಾ ಹಿಡಿದುಕೊಂಡು ಪ್ರಶ್ನೋತ್ತರದ ಪುಟ ತೆರೆದರೆ ಅವನ ಖಾತೆಯ ಜೊತೆ ಅವನ ಪ್ರಶ್ನೆಗಳೂ ಹೋಗಿದ್ದವು. ಅವನು ಕೇಳಿದ ಜಾಗದಲ್ಲೆಲ್ಲ ಒಂದೊಂದು ಖಾಲಿ ಚೌಕ. ನನ್ನ ಉತ್ತರಗಳು ಮಾತ್ರ ಉಳಿದಿದ್ದವು, ಎರಡು ವರ್ಷದವು, ಒಂದರ ಕೆಳಗೊಂದು.

ಇಲ್ಲ, ಡಿಸ್ಕು ತುಂಬಿದರೆ ಯಂತ್ರದ ತೂಕ ಹೆಚ್ಚುವುದಿಲ್ಲ.

ನೀವು ಹೇಳಿದಂತೆಯೇ ಮಾಡಿದೆ, ನನಗೂ ಹಾಗೆಯೇ ಆಯಿತು.

ಬೈದದ್ದಕ್ಕೆ ಬೇಸರವಿಲ್ಲ, ನಾಳೆಯೂ ಬರೆಯಿರಿ.

ಚಾ ಆರುವವರೆಗೆ ಓದಿದೆ. ಆಮೇಲೆ ಪುಟದ ಕೊನೆಗೆ ಹೋಗಿ, ಖಾಲಿ ಚೌಕದ ಕೆಳಗೆ, ಬೆಕ್ಕು ಹೇಗಿದೆ ಎಂದು ಕೇಳಿದೆ.